ಮಿಕ್ಕ ತೋಳು

“ಒಂದೂರಲ್ಲಿ ಒಬ್ಬಳಿದ್ದಳಂತೆ,” ಎಂದು ಅಜ್ಜಿ ಶುರುಮಾಡಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರೆಲ್ಲ ಮೊಬೈಲಿನಿಂದ ತಲೆ ಎತ್ತಿದರು. “ಯಾವ ಕಾಲದಲ್ಲಿ ಅಂತ ಕೇಳ್ಬೇಡಿ. ಗಡಿಯಾರಕ್ಕೆ ಇನ್ನೂ ಮುಳ್ಳು ಮೂಡದೇ ಇದ್ದ ಕಾಲ. ಅವಳಿಗೂ ಎಲ್ಲರ ಹಾಗೆ ಎರಡೇ ಕೈ. ಆದ್ರೆ ಬಿಸಿಲಿಗೆ ನಿಂತರೆ ಅವಳ ನೆರಳಿಗೆ ಮಾತ್ರ ಮೂರು.”

“ಅಯ್ಯೋ!” ಎಂದಳು ಎದುರು ಬೆಂಚಿನಲ್ಲಿ ಮುಂಗೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಹೆಂಗಸು.

“ಸುಮ್ನಿರಜ್ಜಿ, ಎಲ್ಲಾ ನೋಡ್ತಿದ್ದಾರೆ,” ಎಂದು ಮೊಮ್ಮಗಳು ಪಿಸುಗುಟ್ಟಿದಳು.

“ನೋಡ್ಲಿ ಬಿಡೇ. ಅವರಿಗೂ ಹೊತ್ತು ಹೋಗಬೇಡ್ವಾ?” ಅಜ್ಜಿ ಶಾಲು ಹೊದ್ದು ಸರಿಯಾಗಿ ಕೂತಳು. “ಅವಳು ಊರಿನ ವೈದ್ಯನ ಹತ್ರ ಹೋದಳಂತೆ. ನಾಲಿಗೆ ಚಾಚು ಅಂದ, ಚಾಚಿದಳು. ಪಕ್ಕದೂರಿನವನ ಹತ್ರ ಹೋದಳಂತೆ. ಕಣ್ಣರೆಪ್ಪೆ ಎಳೆದು ನೋಡ್ದ. ಅರಮನೆ ವೈದ್ಯನಂತೂ ಮೂರು ದಿನ ನಾಡಿ ಹಿಡ್ಕೊಂಡೇ ಕೂತಿದ್ದನಂತೆ, ಅಲ್ಲೇ ನಿದ್ದೆ ಹೋದನೋ ಏನೋ. ಎಲ್ಲರೂ ಅವಳನ್ನ ನೋಡಿದ್ರು. ನೆರಳನ್ನ ಮಾತ್ರ ಒಬ್ಬನೂ ನೋಡ್ಲಿಲ್ಲ.”

ಅಷ್ಟರಲ್ಲಿ ನರ್ಸು ಬಾಗಿಲಿನಿಂದ ನಂಬರು ಕೂಗಿದಳು.

“ಮುಂದೇನಾಯ್ತಜ್ಜಿ?” ಎಂದಳು ಪಟ್ಟಿಯ ಹೆಂಗಸು.

“ಬಂದು ಹೇಳ್ತೀನಿ. ಎಲ್ಲೂ ಹೋಗ್ಬೇಡ.”

“ನಾನೆಲ್ಲಿಗೆ ಹೋಗ್ಲಿ? ನನ್ನ ನಂಬರ್ ಬರೋಷ್ಟರಲ್ಲಿ ಈ ಕೈ ತಾನಾಗೇ ವಾಸಿಯಾಗಿರುತ್ತೆ.”

ಮೊಮ್ಮಗಳಿಗೆ ಆಸ್ಪತ್ರೆಯ ಚೀಟಿಯಲ್ಲಿ ಉದ್ದನೆಯ ಹೆಸರಿತ್ತು. ಅಜ್ಜಿಗೆ ಮಾತ್ರ ಅವಳು ಹುಟ್ಟಿದಾಗಿನಿಂದ ಸೂಜಿ. ತೆಳ್ಳಗೆ, ಉದ್ದಕ್ಕೆ, ಮುಟ್ಟಿದರೆ ಚುಚ್ಚುವ ಹಾಗೆ ಹುಟ್ಟಿದ್ದಳಂತೆ. ಬೆಳೆದು ಕೋಟು ಹೊಲಿಯುವ ಅಂಗಡಿ ಸೇರಿದ ಮೇಲೆ ಆ ಹೆಸರು ಇನ್ನಷ್ಟು ಗಟ್ಟಿಯಾಗಿ ಕೂತಿತು.

ಅವಳ ತೊಂದರೆ ಶುರುವಾಗಿದ್ದು ಅಂಗಾಲಿನಿಂದ. ಒಣ ನೆಲದ ಮೇಲೆ ನಡೆಯುವಾಗಲೂ ಎಡ ಅಂಗಾಲು ನೀರಿನಲ್ಲಿಟ್ಟಂತೆ ಒದ್ದೆಯೆನಿಸುತ್ತಿತ್ತು. ಮುಟ್ಟಿ ನೋಡಿದರೆ ಒಣಗಿಯೇ ಇರುತ್ತಿತ್ತು. ಆಮೇಲೆ ಕತ್ತು ಬಗ್ಗಿಸಿದಾಗ ಬೆನ್ನಹುರಿಯಲ್ಲಿ ಏನೋ ಮಿಂಚಿ ಇಳಿಯತೊಡಗಿತು. ಮಧ್ಯಾಹ್ನವಾದರೆ ಮೈಯೆಲ್ಲ ನೆನೆದ ಕಂಬಳಿಯಂತೆ ಭಾರ. ಇಷ್ಟೇ ಆಗಿದ್ದರೆ ಹೇಳಿಕೊಳ್ಳಬಹುದಿತ್ತು. ಒಂದು ದಿನ ಯಾರದೋ ಬೆನ್ನಿನ ಅಳತೆ ತೆಗೆಯುತ್ತಿದ್ದಳು. ಎರಡು ಕೈಯಲ್ಲೂ ಟೇಪು ಹಿಡಿದಿದ್ದಳು, ಕಿವಿಯ ಹಿಂದಿದ್ದ ಸೀಮೆಸುಣ್ಣ ಜಾರಿತು. ಅದನ್ನು ಹಿಡಿಯಲು ಅವಳು ಕೈ ಚಾಚಿದಳು. ಟೇಪು ಎರಡು ಕೈಯಲ್ಲೂ ಹಾಗೆಯೇ ಇತ್ತು. ಚಾಚಿದ್ದು ಇನ್ನೊಂದು ಕೈ. ಎಡ ಭುಜದ ಕೆಳಗೆ, ಸ್ವಲ್ಪ ಹಿಂದಕ್ಕೆ ಅದು ಇತ್ತು. ಕಾಣುತ್ತಿರಲಿಲ್ಲ. ಆದರೆ ಅದಕ್ಕೆ ಮೊಣಕೈ ಇತ್ತು, ಮಣಿಕಟ್ಟಿತ್ತು, ತಣ್ಣಗಿನ ಐದು ಬೆರಳುಗಳಿದ್ದವು.

ಅಂದಿನಿಂದ ಎಡ-ಬಲದ ಲೆಕ್ಕವೇ ತಪ್ಪಿಹೋಯಿತು. ಮೊದಲ ಡಾಕ್ಟರು ನಿಶ್ಶಕ್ತಿಯೆಂದು ಟಾನಿಕ್ಕು ಬರೆದರು. ಮೂಳೆಯವರು ಕತ್ತಿಗೆ ಪಟ್ಟಿ ಹಾಕಿದರು. ಮನಸ್ಸಿನ ಡಾಕ್ಟರು ಒಳ್ಳೆಯವರು, ಗಂಟೆಗಟ್ಟಲೆ ಕೇಳಿಸಿಕೊಂಡು, ಇದು ನನ್ನ ಕೈಗೆ ಸಿಗುವಂಥದ್ದಲ್ಲವೆಂದು ಇಲ್ಲಿಗೆ ಕಳಿಸಿದರು. ಸೂಜಿಗೆ ಈಗ ಗುಣವಾಗುವುದಕ್ಕಿಂತ ಮೊದಲು ಒಂದು ಹೆಸರು ಬೇಕಿತ್ತು. ಎಷ್ಟು ದೊಡ್ಡ ಕಾಯಿಲೆಯಾದರೂ ಸರಿ, ನಾಲ್ಕು ಜನರ ಮುಂದೆ ಹೇಳುವುದಕ್ಕೆ ಒಂದು ಹೆಸರು.

ನರದ ಡಾಕ್ಟರು ಚಿಕ್ಕ ವಯಸ್ಸಿನವರು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು, ಸುತ್ತಿಗೆಯಿಂದ ಮಂಡಿ ತಟ್ಟಿದರು, ಕಣ್ಣು ಮುಚ್ಚಲು ಹೇಳಿದರು. “ಎಲ್ಲಿ ಮುಟ್ಟಿದೆ ಅಂತ ಹೇಳ್ತಾ ಹೋಗಿ.”

“ಬಲ ಅಂಗೈ. ಎಡ ಮೊಣಕೈ. ಎಡ ಕಿರುಬೆರಳು.” ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಐದೂ ಬೆರಳನ್ನು ಒಟ್ಟಿಗೆ, ಮಗುವನ್ನು ರಸ್ತೆ ದಾಟಿಸುವಾಗ ಹಿಡಿಯುವಂತೆ ಹಿಡಿದುಕೊಂಡರು. “ಇದು ಎಡಗೈಯೂ ಅಲ್ಲ, ಬಲಗೈಯೂ ಅಲ್ಲ ಸಾರ್. ಇದು... ಅದು.”

“ನಾನೀಗ ಮುಟ್ತಾ ಇಲ್ವಲ್ಲ,” ಎಂಬ ದನಿ ದೂರದಿಂದ ಬಂತು.

ಕಣ್ಣು ಬಿಟ್ಟಳು. ಡಾಕ್ಟರು ಅತ್ತ ತಿರುಗಿ ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದರು. ಅವಳ ಎಡಕ್ಕೆ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದಳು. ಅಜ್ಜಿಯ ಸುಕ್ಕುಗಟ್ಟಿದ ಕೈ ಸೂಜಿಯ ಭುಜದಿಂದ ಒಂದು ಗೇಣು ಆಚೆ, ಬರೀ ಗಾಳಿಯಲ್ಲಿ, ಏನನ್ನೋ ಮೃದುವಾಗಿ ಹಿಡಿದಂತೆ ಮಡಚಿಕೊಂಡಿತ್ತು. ಮೊಮ್ಮಗಳು ನೋಡಿದ್ದೇ ತಡ, ಅಜ್ಜಿ ಅದನ್ನು ಶಾಲಿನೊಳಗೆ ಎಳೆದುಕೊಂಡಳು.

“ಸ್ಕ್ಯಾನ್ ಚೆನ್ನಾಗಿದೆ, ನರ ಚೆನ್ನಾಗಿದೆ, ರಕ್ತ ಚೆನ್ನಾಗಿದೆ,” ಎಂದರು ಡಾಕ್ಟರು.

“ಹಾಗಾದ್ರೆ ಚೆನ್ನಾಗಿಲ್ದೇ ಇರೋದು ಯಾವುದು ಸಾರ್?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಜ ಹೇಳ್ಬೇಕು ಅಂದ್ರೆ ನಂಗೆ ಗೊತ್ತಿಲ್ಲ. ನೀವು ಸುಳ್ಳು ಹೇಳ್ತಿಲ್ಲ ಅನ್ನೋದಷ್ಟೇ ಗೊತ್ತು. ಕೆಲವು ಸಲ ಹೆಸರು ಸಿಗೋಕೆ ವರ್ಷಾನುಗಟ್ಟಲೆ ಹಿಡಿಯುತ್ತೆ. ಕೆಲವು ಸಲ ಸಿಗೋದೇ ಇಲ್ಲ. ಬರ್ತಾ ಇರಿ, ನೋಡ್ತಾ ಇರೋಣ.”

ಹೊರಗೆ ಬಂದಾಗ ಪಟ್ಟಿಯ ಹೆಂಗಸಿನ ಜಾಗ ಖಾಲಿಯಾಗಿತ್ತು. ಸೂಜಿ ಗೋಡೆಗೆ ಒರಗಿ ನಿಂತಳು. “ಅಜ್ಜಿ, ನೀನು ಹಿಡ್ಕೊಂಡಿದ್ಯಾ?”

“ಏನನ್ನ?”

“ಅಜ್ಜೀ!”

ಅಜ್ಜಿ ತನ್ನ ಅಂಗೈಯನ್ನು ತಾನೇ ಒಮ್ಮೆ ನೋಡಿಕೊಂಡಳು. “ತಣ್ಣಗಿತ್ತು ಕಣೇ. ಇಷ್ಟು ದಿನದಿಂದ ಬಟ್ಟೆ ಬರೆ ಇಲ್ದೇ ಓಡಾಡ್ತಾ ಇದೆ, ಪಾಪ.” ಬಾಗಿಲಲ್ಲಿ ನೆನೆದು ನಿಂತ ಬೆಕ್ಕಿನ ಬಗ್ಗೆ ಹೇಳುವ ಹಾಗೆ ಹೇಳಿದಳು. ಸೂಜಿಯ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಆದರೂ ಹೇಗೋ ನಗು ಬಂತು. ನಗುತ್ತಲೇ ಅಜ್ಜಿಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು.

*

“ಏನಂದ್ರು?” ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಕಾಜದಕ್ಕ ಕೇಳಿದಳು. ಕೋಟುಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ಹೊಲಿಯುತ್ತ ತನ್ನ ನಿಜವಾದ ಹೆಸರನ್ನೇ ಮರೆತವಳು ಅವಳು.

“ಎಲ್ಲಾ ನಾರ್ಮಲ್ ಅಂತೆ.”

“ಬಂದ್ಳಪ್ಪಾ ನಮ್ಮ ನಾರ್ಮಲಕ್ಕ! ಈ ಅಂಗಡೀಲಿ ಡಾಕ್ಟರ ಸರ್ಟಿಫಿಕೇಟ್ ಇರೋ ನಾರ್ಮಲ್ ಮನುಷ್ಯಳು ಅಂದ್ರೆ ಇವಳೊಬ್ಬಳೇ. ಮಾಸ್ಟ್ರೇ, ನಿಮ್ಮ ಹತ್ರ ಇದೆಯಾ?”

ಕಟಿಂಗ್ ಮಾಸ್ಟರು ನಗಲಿಲ್ಲ. ಅವರು ಗಿರಾಕಿಯೊಬ್ಬನ ಎದುರು ನಿಂತಿದ್ದರು. ಆತ ಬೂದು ಬಣ್ಣದ ಕೋಟೊಂದನ್ನು ಮೇಜಿನ ಮೇಲೆ ಹರಡಿ, ಒಂದು ಸಲವೂ ಹಾಕಿಕೊಂಡಿಲ್ಲ, ಅಳತೆ ಸರಿಯಿಲ್ಲ, ವಾಪಸ್ಸು ತಗೊಳ್ಳಿ ಎಂದು ಹಟ ಹಿಡಿದಿದ್ದ. ಮಾಸ್ಟರು ತೋಳೊಂದನ್ನು ಎತ್ತಿ ಮೊಣಕೈಯ ಒಳಭಾಗವನ್ನು ಬೆಳಕಿಗೆ ತಿರುಗಿಸಿದರು. ಬೀಸಣಿಗೆಯಂತೆ ಹರಡಿದ ಸಣ್ಣ ಸಣ್ಣ ಮಡಿಕೆಗಳು ಅಲ್ಲಿದ್ದವು.

“ಇವನ್ನ ಇಸ್ತ್ರಿಪೆಟ್ಟಿಗೆಯಿಂದ ಮಾಡೋಕಾಗಲ್ಲ ಸ್ವಾಮಿ. ಮಡಿಸಿಟ್ಟರೂ ಬರಲ್ಲ. ಒಳಗೆ ಕೈ ಇದ್ದು, ಆ ಕೈ ಬಗ್ಗಿ ಎದ್ದು ಕೆಲಸ ಮಾಡಿದ್ರೆ ಮಾತ್ರ ಬರೋದು. ಊಟಾನೂ ಚೆನ್ನಾಗಿತ್ತು ಅನ್ಸುತ್ತೆ, ತುದೀಲಿ ಸಾರಿನ ಕಲೆ ಇದೆ.”

ಗಿರಾಕಿ ಕೋಟನ್ನು ಸುತ್ತಿಕೊಂಡು ಮೆಟ್ಟಿಲಿಳಿದ. ಕಾಜದಕ್ಕ ದಾರ ಬಾಯಲ್ಲಿಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು.

ಸೂಜಿ ಕತ್ತರಿಯ ಮೇಜಿನ ಕಡೆ ಹೆಜ್ಜೆ ಹಾಕಿದಾಗ ಮಾಸ್ಟರು ಮೆಲ್ಲಗೆ ಅಡ್ಡ ನಿಂತರು. “ಕತ್ತರಿ ಇನ್ನೂ ಸ್ವಲ್ಪ ದಿನ ಬೇಡಮ್ಮ. ಗುಂಡಿ ಹಾಕ್ತಿರು.”

ಅವಳು ಗುಂಡಿಯ ಡಬ್ಬಿ ಎಳೆದುಕೊಂಡಳು. ತಪ್ಪು ಅವಳದೇ. ಒಳಮೈ ಬೇರೆ, ಹೊರಮೈ ಬೇರೆ ಇರುವ ಬಟ್ಟೆಯಲ್ಲಿ ತೋಳು ಕತ್ತರಿಸುವಾಗ ಒಂದು ಕತ್ತರಿಸಿದ ಮೇಲೆ ಕಾಗದದ ನಮೂನೆಯನ್ನು ಮಗುಚಿ ಇಟ್ಟು ಇನ್ನೊಂದನ್ನು ಕತ್ತರಿಸಬೇಕು. ಮಗುಚದಿದ್ದರೆ ಎರಡೂ ಎಡ ತೋಳೇ ಆಗುತ್ತವೆ. ಕಲಿಯಲು ಬಂದ ಹುಡುಗಿಯರು ಮಾಡುವ ತಪ್ಪು ಅದು. ಇಷ್ಟು ವರ್ಷ ಕತ್ತರಿ ಹಿಡಿದವಳು ಮಾಡಿದ್ದಳು. ಕೇಳಿದಾಗ, “ಮಗುಚಿದ ಹಾಗೇ ಇತ್ತು ಮಾಸ್ಟ್ರೇ, ಒಂದು ಕೈ ಮಗುಚಿತ್ತು,” ಎಂದಿದ್ದಳು. ಯಾವ ಕೈ ಎಂದು ಅವರು ಕೇಳಿರಲಿಲ್ಲ.

*

ಮನೆಯಲ್ಲಿ ಒಂದು ಕೋಟು ಕಾಯುತ್ತಿತ್ತು. ಹೊಲಿಗೆ ಮಿಷನ್ನಿನ ಮುಂದೆ ಕೂತ ಮೊದಲ ದಿನ ಸೂಜಿ ಅಜ್ಜಿಗೆ ಮಾತು ಕೊಟ್ಟಿದ್ದಳು. ಕೈಯಾರೆ ಹೊಲಿದ ಒಂದು ಕೋಟು. ಊರವರ ಕೋಟೆಲ್ಲ ಹೊಲಿದದ್ದಾಯಿತು, ಅಜ್ಜಿಯದು ಮುಂದಿನ ಚಳಿಗಾಲಕ್ಕೆ, ಅದರ ಮುಂದಿನ ಚಳಿಗಾಲಕ್ಕೆ ಎಂದು ಜಾರುತ್ತ ಬಂತು. ಈಗ ಭಾನುವಾರ ಅಜ್ಜಿಯನ್ನು ತನ್ನ ಮನೆಗೆ ಕರೆದೊಯ್ಯಲು ದೊಡ್ಡಮ್ಮ ಬರುವವಳಿದ್ದಳು. ಎರಡನೇ ಮಹಡಿ ಹತ್ತಿಳಿಯಲು ಅಜ್ಜಿಗೆ ಉಸಿರು ಸಾಲದಾಗಿತ್ತು. ಬೆಟ್ಟದ ಮೇಲಿನ ದೊಡ್ಡಮ್ಮನ ಮನೆಗೆ ಮೆಟ್ಟಿಲಿಲ್ಲ, ಚಳಿ ಮಾತ್ರ ವರ್ಷವಿಡೀ. ಕೋಟಿಲ್ಲದೆ ಅಜ್ಜಿಯನ್ನು ಅಲ್ಲಿಗೆ ಕಳಿಸುವುದೆಂದರೆ ಈ ಕೈಗಳಿಂದ ಇನ್ನು ಏನೂ ಆಗದು ಎಂದು ಒಪ್ಪಿಕೊಂಡ ಹಾಗೆ.

ಬಟ್ಟೆ ಗಾಢ ನೀಲಿ ಉಣ್ಣೆ. ಹೊರಮೈ ನುಣುಪು, ಒಳಮೈ ಮಬ್ಬು. ಗಿರಣಿಯವರು ಅದನ್ನು ನೇಯುವುದನ್ನೇ ನಿಲ್ಲಿಸಿದ್ದರು, ಇನ್ನೊಂದು ಗೇಣು ಬೇಕೆಂದರೂ ಸಿಗುತ್ತಿರಲಿಲ್ಲ. ಬೆನ್ನು, ಎದೆ, ಕಾಲರು ಎಲ್ಲ ಸರಿಯಾಗಿ ಬಂದವು. ಶನಿವಾರ ಬೆಳಿಗ್ಗೆ ತೋಳು ಕತ್ತರಿಸಿ ಎರಡನ್ನೂ ಹೊರಮೈ ಮೇಲಾಗಿ ಪಕ್ಕಪಕ್ಕ ಇಟ್ಟಳು. ಎರಡೂ ಒಂದೇ ಕಡೆಗೆ ಬಾಗಿದ್ದವು. ಎರಡೂ ಎಡ.

ಅವಳು ನೆಲದ ಮೇಲೆ ಕೂತುಬಿಟ್ಟಳು.

“ಏನಾಯ್ತೇ?” ಕಿಟಕಿಯ ಬಳಿಯ ಕುರ್ಚಿಯಿಂದ ಅಜ್ಜಿ ಕೇಳಿದಳು.

“ನಿಂಗೆ ಎರಡು ಎಡಗೈ ಇದ್ದಿದ್ರೆ ಚೆನ್ನಾಗಿತ್ತು.”

“ಓ, ಹಾಗೋ.” ಅಜ್ಜಿ ಬಗ್ಗಿ ನೋಡಿದಳು. “ಬಟ್ಟೆ ಮಿಕ್ಕಿದೆಯಾ?”

“ಒಂದು ತೋಳಿಗೆ ಆಗೋಷ್ಟು. ಅದೂ ಕೆಟ್ಟರೆ ಒಂಟಿ ತೋಳಿನ ಕೋಟು ಹಾಕ್ಕೊಂಡು ಹೋಗ್ಬೇಕಾಗುತ್ತೆ.”

“ಹೋಗ್ತೀನಿ. ನನ್ನ ನೋಡಿ ಆ ಊರಲ್ಲಿ ಎಲ್ಲಾ ಒಂದೊಂದು ತೋಳು ಕಿತ್ತು ಹಾಕ್ತಾರೆ. ಏಳು, ಬಿಸಿಲಿರುವಾಗಲೇ ಮುಗಿಸು.”

ಸೂಜಿ ಎದ್ದಳು. ನಮೂನೆಯನ್ನು ಮಗುಚಿ ಇಟ್ಟು, ಮಗುಚಿದ್ದೇನೆಯೇ ಎಂದು ಮತ್ತೆ ನೋಡಿ, ಅಜ್ಜಿಯಿಂದಲೂ ಹೌದೆನ್ನಿಸಿಕೊಂಡು ಸೀಮೆಸುಣ್ಣದಿಂದ ಗೀಟೆಳೆದಳು. ಊಟದ ಮೇಜು ಚಿಕ್ಕದು. ಅಂಗಡಿಯಲ್ಲಿ ಬಟ್ಟೆಯ ತುದಿಗೆ ಕಬ್ಬಿಣದ ಗಟ್ಟಿ ಇಡುತ್ತಾರೆ, ಇಲ್ಲಿ ಅದಿರಲಿಲ್ಲ. ಎರಡು ಸಲ ಕತ್ತರಿ ಹಾಕಹೋದಾಗಲೂ ಭಾರದ ಉಣ್ಣೆ ಮೇಜಿನಂಚಿನಿಂದ ಜಾರಿ ಗೀಟು ಸೊಟ್ಟಗಾಯಿತು. ಬಲಗೈಯಲ್ಲಿ ಕತ್ತರಿ, ಎಡಗೈ ಗೀಟಿನ ಪಕ್ಕದಲ್ಲಿ. ಆಚೆ ತುದಿಯನ್ನು ಹಿಡಿಯಲು ಯಾರೂ ಇರಲಿಲ್ಲ. ಮೂರನೇ ಸಲ ಉಸಿರು ಬಿಗಿಹಿಡಿದು ಕತ್ತರಿ ಇಟ್ಟಳು.

ಬಟ್ಟೆ ಜಾರಲಿಲ್ಲ.

ಎಡ ಭುಜದ ಕೆಳಗಿನ ತಣ್ಣನೆಯ ಭಾರ ಮುಂದಕ್ಕೆ ಚಾಚಿತು. ಐದು ಬೆರಳಿನಡಿಯಲ್ಲಿ ಉಣ್ಣೆಯ ಮಬ್ಬು ಮೈ ಅವಳಿಗೆ ಸ್ಪಷ್ಟವಾಗಿ ತಿಳಿಯಿತು, ನೂಲು ನೂಲಾಗಿ. ಮೇಜಿನಾಚೆ ಇಳಿಬಿದ್ದಿದ್ದ ಬಟ್ಟೆ ಬಿಗಿದು ನಿಂತಿತ್ತು. ಅವಳು ಆ ಕಡೆ ತಲೆ ತಿರುಗಿಸಹೋದಳು.

“ನೋಡ್ಬೇಡ,” ಎಂದಳು ಅಜ್ಜಿ, ಬಹಳ ಮೆಲ್ಲಗೆ. “ಕತ್ತರಿಸು.”

ಕತ್ತರಿಸಿದಳು. ಕೊನೆಯ ತುಂಡು ಬಿಡಿಸಿಕೊಂಡು ಬಂದಾಗ ಬಿಗಿದಿದ್ದ ಬಟ್ಟೆ ಒಮ್ಮೆಲೇ ನೆಲಕ್ಕೆ ಬಿತ್ತು. ಅದು ಬಲ ತೋಳು.

*

“ಇನ್ನೂ ಆಸ್ಪತ್ರೆ ಆಸ್ಪತ್ರೆ ಅಂತ ಅಲೀತಿದ್ದೀಯಂತೆ?” ಬಂದ ದೊಡ್ಡಮ್ಮ ಅಜ್ಜಿಯ ಪೆಟ್ಟಿಗೆಯ ಮೇಲೆ ಮಂಡಿಯೂರಿ ಬೀಗ ಹಾಕುತ್ತ ಕೇಳಿದಳು. “ಒಂದು ಮದುವೆ ಮಾಡ್ಕೋ. ಎಲ್ಲಾ ತಾನಾಗೇ ಸರಿಹೋಗುತ್ತೆ.”

“ನೀನು ಮಾಡ್ಕೊಂಡ್ಯಲ್ಲೇ, ನಿನ್ನ ಮಂಡಿನೋವು ಸರಿಹೋಯ್ತಾ?” ಎಂದಳು ಅಜ್ಜಿ.

ಅಜ್ಜಿ ಹೊಸ ಕೋಟಿನಲ್ಲಿ ಕನ್ನಡಿಯ ಮುಂದೆ ನಿಂತಿದ್ದಳು. ಕಾಲರಿನೊಳಗೆ ಅವಳ ಕತ್ತು ಹಕ್ಕಿಯ ಕತ್ತಿನಷ್ಟು ಸಣ್ಣಗೆ ಕಂಡಿತು. ಎರಡೂ ಜೇಬಿಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದಳು. “ಮಾತು ಉಳಿಸ್ಕೊಂಡ್ಯಲ್ಲೇ,” ಎಂದಳು. “ಸ್ವಲ್ಪ ತಡವಾಯ್ತು. ನಾನೂ ತಡವಾಗೇ ಸಾಯ್ತೀನಿ ಬಿಡು, ಸರಿಗೆ ಸರಿ.”

ಕೆಳಗೆ ಕಾರಿನಲ್ಲಿ ಕೂತ ಮೇಲೆ ಕಿಟಕಿಯಿಂದ ಸೂಜಿಯ ಕಿವಿ ಹಿಡಿದು ಹತ್ತಿರ ಎಳೆದಳು.

“ಆ ಮಿಕ್ಕ ತೋಳು ಎಲ್ಲಿ?”

“ತುಂಡು ಬಟ್ಟೆ ಚೀಲದಲ್ಲಿ.”

“ಚೀಲದಲ್ಲಿಡೋಕಾ ಕತ್ತರಿಸಿದ್ದು? ಅದನ್ನೂ ಪೂರ್ತಿ ಮಾಡು. ಒಳಗೆ ಅಸ್ತರು ಕೊಡು, ತುದಿ ಮಡಿಸು, ಗುಂಡಿ ಹಾಕು. ನನ್ನ ಕೋಟಿಗೆ ಹೇಗೆ ಹಾಕಿದ್ಯೋ ಹಾಗೇ. ಮಾತು ಕೊಡು.”

“ಅಜ್ಜೀ...”

“ಕೊಡೇ!”

ಕೊಟ್ಟಳು. “ಆ ಕಥೇಲಿ ಕೊನೆಗೆ ಏನಾಯ್ತು?”

“ಅವಳು ಸುತ್ತಿ ಸುತ್ತಿ ಸಾಕಾಗಿ, ಒಂದಿನ ನೆರಳನ್ನೇ ಕೇಳಿದಳಂತೆ, ನಿಂಗೇನು ಬೇಕು ಅಂತ.”

“ಅದೇನಂತು?”

ದೊಡ್ಡಮ್ಮ ಗಾಜು ಏರಿಸಿದಳು, ಚಳಿ ಬರುತ್ತೆ ಎಂದು. ಗಾಜಿನಾಚೆ ಅಜ್ಜಿ ತನ್ನ ಬಲಗೈಯಿಂದ ಎಡ ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ಸವರಿಕೊಂಡಳು. ಕಾರು ಹೊರಟಿತು.

*

ತಕ್ಷಣ ಮಾಡಲಾಗಲಿಲ್ಲ. ಅಜ್ಜಿಯಿದ್ದಾಗ ಹೆದರಿಕೆಗೂ ಒಬ್ಬರು ಜೊತೆಗಿದ್ದರು, ಈಗ ಎರಡು ಕೋಣೆಯಲ್ಲಿ ಅವಳು ಮತ್ತು ಅದು. ಆ ತೋಳಿಗೆ ಹೊಲಿಗೆ ಹಾಕಿದರೆ, ಆ ಕೈ ಇದೆ ಎಂದು ತಾನೇ ಒಪ್ಪಿಕೊಂಡ ಹಾಗಾಗುತ್ತದೆ. ಅದರ ಬದಲು ಇನ್ನೊಂದು ಪರೀಕ್ಷೆ ಮಾಡಿಸಿದಳು. ಬೆನ್ನಿನಿಂದ ನೀರು ತೆಗೆದರು. ಅದೂ ಚೆನ್ನಾಗಿತ್ತು. ಕಾಜದಕ್ಕ ಈ ಸಲ ಚುಡಾಯಿಸಲಿಲ್ಲ. ತನ್ನ ಫ್ಲಾಸ್ಕಿನ ಚಹಾವನ್ನು ಅವಳ ಮುಂದೆ ಇಟ್ಟು, “ಹೆಸರಿಲ್ದೇ ಇದ್ರೇನು, ನೋವು ನೋವೇ ಅಲ್ವಾ?” ಎಂದು ಬೇರೆ ಕಡೆ ನೋಡಿದಳು.

ಚಳಿ ಹೆಚ್ಚಿದಂತೆ ಆ ಕೈ ಇನ್ನಷ್ಟು ತಣ್ಣಗಾಯಿತು. ಗುಂಡಿ ಹಾಕುವಾಗ ಅದು ಅವಳ ಪಕ್ಕೆಗೆ ಅಂಟಿಕೊಂಡು ನಡುಗುತ್ತಿತ್ತು. ಚಿಕ್ಕವಳಿದ್ದಾಗ ಕಥೆ ಕೇಳುತ್ತ ಹೆದರಿ ಅಜ್ಜಿಯ ಪಕ್ಕೆಯೊಳಗೆ ಕೈ ತೂರಿಸುತ್ತಿದ್ದುದು ಅವಳಿಗೆ ನೆನಪಾಯಿತು. ತನ್ನ ಕೈ ಆಗ ಹೀಗೆಯೇ ತಣ್ಣಗಿರುತ್ತಿತ್ತೇನೋ.

ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ ಅವಳು ಚೀಲದಿಂದ ತೋಳನ್ನು ಹೊರತೆಗೆದಳು. ಉದ್ದದ ಹೊಲಿಗೆ ಹಾಕಿದಳು. ಅಜ್ಜಿಯ ಕೋಟಿಗೆ ಹಾಕಿದ್ದ ಅದೇ ಬೂದು ರೇಷ್ಮೆಯ ಅಸ್ತರನ್ನು ಕತ್ತರಿಸಿ, ಒಳಗೆ ತೂರಿಸಿ, ಕಾಣದ ಹಾಗೆ ಕೈಹೊಲಿಗೆಯಿಂದ ಕೂರಿಸಿದಳು. ತುದಿ ಮಡಿಸಿದಳು. ಮೇಲಿನ ಬಾಯಿಗೆ ಅಂಚು ಕಟ್ಟಿದಳು, ಯಾವ ಕೋಟಿಗೂ ಸೇರಬೇಕಾಗಿಲ್ಲದ ತೋಳಿಗೆ ಅದೊಂದು ಬೇರೆಯೇ ಕೆಲಸ. ಮೂರು ಗುಂಡಿ. ಯಾವ ಹೊಲಿಗೆಯೂ ಸೊಟ್ಟಗಾಗಲಿಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದಳು, ಮೊಣಕೈಯ ಜಾಗವಂತೂ ಹೊಸ ಕಾಗದದ ಹಾಗೆ ಚಪ್ಪಟೆಯಾಯಿತು. ಅದನ್ನು ಅಜ್ಜಿಯ ಕುರ್ಚಿಯ ಎಡಗೈ ಮೇಲೆ ಇಳಿಬಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಆರಲು ಬಿಟ್ಟು, ಹಾಲು ತರಲು ಹೋದಳು.

ರಸ್ತೆಯಲ್ಲಿ ಗಾಳಿ ಕೊರೆಯುತ್ತಿತ್ತು. ಅಂಗಾಲು ಎಂದಿನಂತೆ ಒದ್ದೆ. ಆದರೆ ಎಡ ಭುಜದ ಕೆಳಗೆ ಏನೂ ಇರಲಿಲ್ಲ. ಅವಳು ಎರಡು ಸಲ ನಿಂತು ನೋಡಿಕೊಂಡಳು. ಇರಲಿಲ್ಲ. ಯಾರನ್ನೋ ಮನೆಯಲ್ಲಿ ಬಿಟ್ಟುಬಂದ ಹಾಗೆ ಹೆಜ್ಜೆ ಬಿರುಸಾಯಿತು.

ಬಾಗಿಲು ತೆರೆಯುವಾಗಲೇ ಫೋನು ಹೊಡೆದುಕೊಂಡಿತು.

“ಏನೇ ಸೂಜಿ, ಮಾಡಿದ್ಯಾ?” ಅಜ್ಜಿಯ ಉಸಿರು ಅಲ್ಲಿ ಹಗುರವಾಗಿತ್ತು.

“ಮಾಡ್ದೆ ಅಜ್ಜಿ. ಈಗಷ್ಟೇ ಮುಗೀತು.”

“ಅಳತೆ ಸರಿಹೋಯ್ತಾ?”

ಸೂಜಿ ಫೋನನ್ನು ಕಿವಿಗೆ ಹಿಡಿದೇ ಕುರ್ಚಿಯ ಬಳಿ ಹೋದಳು. ತೋಳು ಅವಳು ಇಳಿಬಿಟ್ಟ ಹಾಗೆಯೇ ಇತ್ತು. ಕಿಟಕಿಯ ಬಿಸಿಲು ಅದರ ಮೇಲೆ ಅಡ್ಡಲಾಗಿ ಬಿದ್ದಿತ್ತು. ಮೊಣಕೈಯ ಒಳಭಾಗದಲ್ಲಿ, ಇಸ್ತ್ರಿ ಮಾಡಿ ಚಪ್ಪಟೆಯಾಗಿಸಿದ್ದ ಉಣ್ಣೆಯಲ್ಲಿ, ಸಣ್ಣ ಸಣ್ಣ ಮಡಿಕೆಗಳು ಬೀಸಣಿಗೆಯಂತೆ ಹರಡಿದ್ದವು.

ಅವಳು ಬೆರಳ ತುದಿಯಿಂದ ಮುಟ್ಟಿದಳು. ಬೆಚ್ಚಗಿತ್ತು.

“ಸರಿಹೋಗಿದೆ ಅಜ್ಜಿ,” ಎಂದಳು. ಬಗ್ಗಿ, ಆರಿ ತಣ್ಣಗಾಗಿದ್ದ ಇಸ್ತ್ರಿಪೆಟ್ಟಿಗೆಯ ವೈರನ್ನು ಸುತ್ತಿ ಮೇಲಿನ ಹಲಗೆಗೆ ಎತ್ತಿಟ್ಟಳು.